ಕಾವಲಿನ ಮೇಲೆ ಕಾವಲು

ಖಾನಾಪುರದ ರೈತನ ಪಹಣಿಯು ಇಂದು ಕುಲಕರ್ಣಿಯ ದಫ್ತರದಲ್ಲಿಲ್ಲ. 'ಭೂಮಿ' ಯೋಜನೆಯಿಂದ ಅದು ಕಂಪ್ಯೂಟರನ್ನು ಸೇರಿದೆ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಗೆ ಸೇರಿದ ಬೆಳಗಾವಿಯ ಕಾರ್ಯಗಳೂ ಕಂಪ್ಯೂಟರ್ ಜಾಲವನ್ನು ಅವಲಂಬಿಸಿವೆ. ಈ ಜಾಲದ ಕಾವಲು ಹೇಗೆ?

ಬಹುಭಾಗವನ್ನು ಯಂತ್ರವೇ ಮಾಡುವುದು. ನಡುರಾತ್ರಿ ದಾಖಲೆಗಳ ಪ್ರತಿ ತೆಗೆಯುವುದು, ವೈರಸ್ ಶೋಧಿಸುವುದು, ತಂತ್ರಾಂಶದ ದೋಷ ಸರಿಪಡಿಸುವುದು, ಇವಕ್ಕೆ ಒಮ್ಮೆ ವೇಳೆ ಗೊತ್ತುಮಾಡಿದರೆ ತೀರಿತೆಂಬ ಭಾವನೆಯುಂಟು. ಆದರೆ ಡಿಸ್ಕು ತುಂಬಿದರೆ, ಪಾಸ್‌ವರ್ಡ್ ಬದಲಾದರೆ, ಆ ಕೆಲಸವು ಸದ್ದಿಲ್ಲದೆ ನಿಂತುಬಿಡಬಹುದು. ನಮ್ಮ ಕಾರ್ಯಾಲಯದಲ್ಲಿಯೇ ಹೀಗಾಯಿತು. ಹಳೆಯ ಪುಟವೊಂದು ಬೇಕಾದ ದಿನವೇ, ತಿಂಗಳಿಂದ ಪ್ರತಿ ತೆಗೆದಿಲ್ಲವೆಂಬುದು ತಿಳಿಯಿತು. ನೋಡದೆ ಇದ್ದ ತಪ್ಪು ನಮ್ಮದು.

2017ರ ಮಾರ್ಚ್ ತಿಂಗಳಿನಲ್ಲಿ ಮೈಕ್ರೋಸಾಫ್ಟ್ ಒಂದು ದೋಷಕ್ಕೆ ಪರಿಹಾರವನ್ನು ಹೊರಡಿಸಿತ್ತು. ಅದನ್ನು ಅಳವಡಿಸದ ಯಂತ್ರಗಳನ್ನು ಮೇ 12ರಂದು 'ವಾನಾಕ್ರೈ' ಹಿಡಿಯಿತು. ಬ್ರಿಟನ್ನಿನ ಆಸ್ಪತ್ರೆಗಳೂ ತತ್ತರಿಸಿದವು. ಕುರುಡು ನಂಬಿಕೆಯೂ ಅಷ್ಟೇ ಅಪಾಯಕರ: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ರಕ್ಷಣಾ ತಂತ್ರಾಂಶಕ್ಕೆ ತಾನಾಗಿ ಬಂದ ತಪ್ಪು ಅಪ್‌ಡೇಟು ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ನಿಲ್ಲಿಸಿತು.

ಜಾಲದ ನಡೆಯ ದಾಖಲೆಗಳನ್ನು 180 ದಿನ ಕಾಯ್ದಿಡಬೇಕೆಂದು ಕೇಂದ್ರದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ವಿಧಿಸಿದೆ. ಕಾಯ್ದಿಟ್ಟುದನ್ನು ಓದುವವರೂ ಬೇಕಷ್ಟೆ! ಆದುದರಿಂದ ಪ್ರತಿ ಕಚೇರಿಯಲ್ಲಿ ಒಬ್ಬ ಹೊಣೆಗಾರನು ದಿನವೂ ಮುಂಜಾನೆ, ರಾತ್ರಿಯ ಯಾವ ಕೆಲಸ ನಡೆಯಿತು, ಯಾವುದು ನಿಂತಿತೆಂಬುದನ್ನು ನೋಡಿ ರುಜು ಹಾಕಲಿ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಒಂದು ಪಹಣಿಯನ್ನಾದರೂ ಮರಳಿ ತೆಗೆದು ತೋರಿಸಲಿ. ರೈತನ ಹೊಲದ ಲೆಕ್ಕ ಅಳಿದರೆ ಯಂತ್ರವು ಉತ್ತರ ಕೊಡಲಾರದು, ಸರಕಾರವೇ ಕೊಡಬೇಕಾದೀತು.