ವರಲಕ್ಷ್ಮಿ ಇಲ್ಲದ ಮಜಾ ಟಾಕೀಸ್

ಕಲರ್ಸ್ ಕನ್ನಡದಲ್ಲಿ ‘ಮಜಾ ಟಾಕೀಸ್’ 2025ರಲ್ಲಿ ಮತ್ತೆ ಶುರುವಾಯಿತು. 2015ರಲ್ಲಿ ಮೊದಲ ಸಲ ಬಂದಾಗ ನಮ್ಮಲ್ಲಿ ಹಲವರು ಇನ್ನೂ ಪ್ರೈಮರಿ ಶಾಲೆಯಲ್ಲಿದ್ದೆವು. ಸೃಜನ್ ಲೋಕೇಶ್, ಕುರಿ ಪ್ರತಾಪ್ ಮರಳಿ ಬಂದಾಗಲೂ ಇದ್ದರು. ಇಂದ್ರಜಿತ್ ಲಂಕೇಶ್ ಜಾಗದಲ್ಲಿ ಯೋಗರಾಜ್ ಭಟ್ ಕೂತಿದ್ದರು, ಹೊಸ ಮುಖಗಳೂ ಇದ್ದವು. ಬದಲಾಗಲಿ, ತಕರಾರಿಲ್ಲ. ಆದರೆ ಅಪರ್ಣಾ ಇರಲಿಲ್ಲ. 2024ರ ಜುಲೈನಲ್ಲಿ ಅವರು ತೀರಿಕೊಂಡರು.

ದೂರದರ್ಶನದ ಕಾಲದಿಂದಲೂ ಸ್ವಚ್ಛ ಕನ್ನಡಕ್ಕೆ ಹೆಸರಾದ ಆ ನಿರೂಪಕಿ ‘ಒನ್ ಅಂಡ್ ಓನ್ಲಿ ವರಲಕ್ಷ್ಮಿ’ ಎಂದು ಬೀಗುತ್ತಾ ಬಂದರೆ ಮನೆಮಂದಿಯೆಲ್ಲ ನಗುತ್ತಿದ್ದರು. ಭರಮಸಾಗರದಿಂದ ಬಸ್ಸು ಹತ್ತಿ ಇಂಟರ್‌ವ್ಯೂಗೆಂದು ಬೆಂಗಳೂರಿಗೆ ಹೋದವರಿಗೆ ನಮ್ಮ ಮೆಟ್ರೊದಲ್ಲಿ ಮುಂದಿನ ನಿಲ್ದಾಣ ಯಾವುದೆಂದು ಹೇಳಿದ್ದೂ ಇದೇ ದನಿ.

ಈಗಿನ ಕಾಮಿಡಿ ಶೋಗಳಲ್ಲಿ ದಪ್ಪಗಿರುವವರೋ ಕಪ್ಪಗಿರುವವರೋ ಸಿಕ್ಕರೆ ಸಾಕು, ಜೋಕ್ ರೆಡಿ. ಇಲ್ಲವೇ ಗಂಡಸಿಗೆ ಸೀರೆ ಉಡಿಸಿದರಾಯಿತು. ಸೋಮವಾರ ಕಾಲೇಜಿನಲ್ಲಿ ಅದೇ ಜೋಕ್ ಯಾರಿಗೋ ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ. ಬೇಜಾರಾದರೆ ‘ತಮಾಷೆಗೆ ಅಂದಿದ್ದು’ ಎಂಬ ಸಮಜಾಯಿಷಿ ಬೇರೆ! ವರಲಕ್ಷ್ಮಿಯ ಜಂಬಕ್ಕೆ ನಾವು ನಕ್ಕೆವು. ಮರುದಿನ ಅದರಿಂದ ಯಾರೂ ತಲೆ ತಗ್ಗಿಸಬೇಕಾಗಲಿಲ್ಲ.

ಹೊಸ ತಂಡ ಇನ್ನೊಬ್ಬ ವರಲಕ್ಷ್ಮಿಯನ್ನು ಹುಡುಕುವುದು ಬೇಡ. ಬರೆಯುವವರಿಗೆ ಇನ್ನಷ್ಟು ಸಮಯ ಕೊಟ್ಟು, ಹಾಗೆ ನಗಿಸುವ ಒಂದು ಪಾತ್ರ ಕಟ್ಟಿಸಲಿ. ಅದು ನಮ್ಮ ದುರ್ಗ, ದಾವಣಗೆರೆ ಕಡೆಯ ಮಾತಾಡಿದರೆ ಇನ್ನೂ ಖುಷಿ.