ಯಾವ ಇಂಜೆಕ್ಷನ್ ಹಾಕಿ ತೆಗೆದ ಎಂಆರ್‌ಐ?

ಮಿನಿ ಪ್ರಾಜೆಕ್ಟ್ ಸಮಯ ಬಂತು ಅಂದ್ರೆ ಒಂದೆರಡು ಟೀಮ್ ಆದರೂ 'ಕ್ಯಾನ್ಸರ್ ಡಿಟೆಕ್ಷನ್' ತಗೊಂಡೇ ತಗೊಳ್ತಾರೆ. ಡೇಟಾಸೆಟ್ ಡೌನ್‌ಲೋಡ್ ಮಾಡು, ಯು-ನೆಟ್ ಟ್ರೈನ್ ಮಾಡು, ಪಿಪಿಟಿಯಲ್ಲಿ ಅಕ್ಯುರಸಿಯನ್ನು ದೊಡ್ಡ ಅಕ್ಷರದಲ್ಲಿ ಹಾಕು. ಆ ಚಿತ್ರ ತೆಗೆಯುವ ಮುಂಚೆ ರೋಗಿಯ ರಕ್ತನಾಳಕ್ಕೆ ಏನು ಹಾಕಿದ್ರು ಅಂತ ಮಾತ್ರ ಯಾರೂ ಕೇಳಲ್ಲ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು. ಲಿವರ್ ವಿಷಯದಲ್ಲಂತೂ ಖಂಡಿತ.

ದೊಡ್ಡ ಕರುಳಿನ ರಕ್ತ ಪೋರ್ಟಲ್ ವೇನ್ ಮೂಲಕ ನೇರವಾಗಿ ಲಿವರ್‌ಗೆ ಹೋಗುತ್ತೆ. ಕರುಳಲ್ಲಿ ಕ್ಯಾನ್ಸರ್ ಇದ್ದರೆ ಅದರ ಕೋಶಗಳೂ ಅದೇ ದಾರಿ ಹಿಡಿಯುತ್ತವೆ. ಹಾಗೆ ಹರಡಿದ ಗಡ್ಡೆಗಳು ಕೆಲವೇ ಇದ್ದರೆ ಆಪರೇಷನ್ ಮಾಡಿ ತೆಗೆಯಬಹುದು, ಕೆಲವರು ಪೂರ್ತಿ ಗುಣ ಆಗೋದೂ ಉಂಟು. ಆದರೆ ಒಂದು ಸೆಂಟಿಮೀಟರ್ ಕೂಡ ಇಲ್ಲದ ಒಂದು ಗಡ್ಡೆ ಕಣ್ತಪ್ಪಿ ಉಳಿದರೆ ಅಷ್ಟೆಲ್ಲಾ ಕಷ್ಟಪಟ್ಟಿದ್ದು ನೀರಲ್ಲಿ ಹೋಮ.

ಈಗ ಇಂಜೆಕ್ಷನ್ ವಿಷಯ. ಸಾಮಾನ್ಯವಾಗಿ ಬಳಸೋದು ಗ್ಯಾಡೋಲಿನಿಯಂ. ಅದರ ಅಯಾನಿನಲ್ಲಿ 7 ಒಂಟಿ ಎಲೆಕ್ಟ್ರಾನ್ ಇವೆ, ಹಾಗಾಗಿ ಪಕ್ಕದ ನೀರಿನ ಪ್ರೋಟಾನ್‌ಗಳ ಟಿ1 ಕಡಿಮೆಯಾಗಿ ಆ ಜಾಗ ಬೆಳ್ಳಗೆ ಕಾಣುತ್ತೆ. ಬರೀ ಗ್ಯಾಡೋಲಿನಿಯಂ ವಿಷ, ಅದಕ್ಕೇ ಅದನ್ನು ಕೀಲೇಟ್ ಒಳಗೆ ಕಟ್ಟಿಹಾಕಿ ಕೊಡ್ತಾರೆ. ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಇಡಿಟಿಎ ಬಗ್ಗೆ ಬೈಕೊಂಡು ಓದಿದ್ವಲ್ಲ, ಅದರ ಅಣ್ಣತಮ್ಮಂದಿರೇ ಇವು.

ಗ್ಯಾಡೋಬ್ಯುಟ್ರಾಲ್ ತರದ ಏಜೆಂಟ್ ಕೋಶದ ಹೊರಗಷ್ಟೇ ಓಡಾಡಿ ಕಿಡ್ನಿಯಿಂದ ಹೊರಗೆ ಹೋಗುತ್ತೆ. ಗಡ್ಡೆಗೆ ರಕ್ತ ಹೇಗೆ ಬಂತು, ಹೇಗೆ ಹೋಯ್ತು ಅಂತ ತೋರಿಸುತ್ತೆ. ಗ್ಯಾಡಾಕ್ಸಿಟೇಟ್ ಕಥೆ ಬೇರೆ. ಅದರ ಸುಮಾರು ಅರ್ಧ ಭಾಗವನ್ನು ಲಿವರ್‌ನ ಸ್ವಂತ ಕೋಶಗಳೇ ಒಳಗೆ ಎಳ್ಕೊಂಡು ಪಿತ್ತದ ಜೊತೆ ಹೊರಹಾಕುತ್ತವೆ. 20 ನಿಮಿಷ ಕಾದು ಚಿತ್ರ ತೆಗೆದರೆ ಲಿವರ್ ಇಡೀ ಬೆಳ್ಳಗೆ. ಕರುಳಿಂದ ಬಂದ ಗಡ್ಡೆಯಲ್ಲಿ ಲಿವರ್ ಕೋಶ ಎಲ್ಲಿಂದ ಬರಬೇಕು? ಅದು ಕಪ್ಪಾಗಿ ಉಳಿಯುತ್ತೆ. ಅಂದ್ರೆ ಕಳ್ಳನ ಮೇಲೆ ಟಾರ್ಚ್ ಬಿಡಲ್ಲ, ಊರಿಗೆಲ್ಲಾ ಲೈಟ್ ಹಾಕಿ ಕತ್ತಲೆ ಉಳಿದಿರೋ ಮನೆ ಹುಡುಕ್ತಾರೆ. ನನಗೆ ತುಂಬಾ ಇಷ್ಟವಾದ ಐಡಿಯಾ ಇದು.

ಇದರ ಉಲ್ಟಾ ಕೂಡ ಇತ್ತು. 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಫೆರಿಡೆಕ್ಸ್ ಅನ್ನೋ ಐರನ್ ಆಕ್ಸೈಡ್ ಕಣಗಳನ್ನು ಲಿವರ್‌ನ ಕುಫರ್ ಕೋಶಗಳು ನುಂಗ್ತಿದ್ವು. ಆಗ ಲಿವರ್ ಕಪ್ಪು, ಗಡ್ಡೆ ಬಿಳಿ! ಕೆಲಸ ಚೆನ್ನಾಗೇ ಮಾಡ್ತಿತ್ತು. ಆದರೆ ಅರ್ಧ ಗಂಟೆ ಡ್ರಿಪ್ ಹಾಕಬೇಕಿತ್ತು, ಕೆಲವರಿಗೆ ಬೆನ್ನುನೋವು ಬರ್ತಿತ್ತು. ಈಗ ಅದು ಸಿಗಲ್ಲ.

ಹಾಗಾದ್ರೆ ಗ್ಯಾಡಾಕ್ಸಿಟೇಟ್ ಗೆದ್ದಿತಾ? 2014ರಲ್ಲಿ ಪ್ರಕಟವಾದ ಒಂದು ಟ್ರಯಲ್‌ನಲ್ಲಿ ಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿರುವ ಅಥವಾ ಹಾಗೆ ಅನುಮಾನ ಇರುವ ರೋಗಿಗಳನ್ನು ಮೂರು ಗುಂಪು ಮಾಡಿದ್ರು. ಮೊದಲ ಸ್ಕ್ಯಾನ್ ಸಿಟಿ ಆದವರಲ್ಲಿ 39% ಜನಕ್ಕೆ ಇನ್ನೊಂದು ಸ್ಕ್ಯಾನ್ ಬೇಕಾಯ್ತು, ಸಾಮಾನ್ಯ ಏಜೆಂಟ್ ಎಂಆರ್‌ಐಯಲ್ಲಿ 17%, ಗ್ಯಾಡಾಕ್ಸಿಟೇಟ್‌ನಲ್ಲಿ ಸೊನ್ನೆ. ಆದರೆ ಆಪರೇಷನ್ ಮಧ್ಯೆ ಪ್ಲಾನ್ ಬದಲಾಗಿದ್ದು ಕ್ರಮವಾಗಿ 47%, 32%, 28%. ಕೊನೆಯ ಎರಡರ ನಡುವೆ ಭಾರೀ ಅಂತರ ಏನಿಲ್ಲ ನೋಡಿ. ಬರೀ ಮೊದಲ ಸಾಲು ತೋರಿಸಿದ್ರೆ ಜಾಹೀರಾತು ಆಗುತ್ತೆ.

ಗ್ಯಾಡಾಕ್ಸಿಟೇಟ್‌ಗೆ ತನ್ನದೇ ತಾಪತ್ರಯ ಇದೆ. ಡೋಸ್ ಕಿಲೋಗೆ 0.025 ಮಿಲಿಮೋಲ್, ಸಾಮಾನ್ಯ ಏಜೆಂಟ್‌ನ ಕಾಲು ಭಾಗ, ಹಾಗಾಗಿ ಶುರುವಿನ ಆರ್ಟೀರಿಯಲ್ ಚಿತ್ರ ಸ್ವಲ್ಪ ಸಪ್ಪೆ. ಅದೇ ಹೊತ್ತಿಗೆ ಕೆಲವರಿಗೆ ಉಸಿರು ಹಿಡಿಯೋಕೆ ಆಗದೆ ಚಿತ್ರ ಮಸುಕಾಗುತ್ತೆ. ಕೀಮೋದಿಂದ ಲಿವರ್ ಪೆಟ್ಟು ತಿಂದಿದ್ರೆ, ಬಿಲಿರುಬಿನ್ ಏರಿದ್ರೆ ಲಿವರ್ ಸರಿಯಾಗಿ ಬೆಳ್ಳಗಾಗಲ್ಲ. ಇನ್ನು ಹೆಮಾಂಜಿಯೋಮಾ, ಅಪಾಯ ಇಲ್ಲದ ರಕ್ತನಾಳದ ಗಂಟು. 20 ನಿಮಿಷದ ಚಿತ್ರದಲ್ಲಿ ಅದೂ ಕಪ್ಪಾಗೇ ಕಾಣುತ್ತೆ. ಅನುಮಾನ ಬಂದ್ರೆ ಹಳೇ ಏಜೆಂಟೇ ವಾಸಿ.

2017ರಲ್ಲಿ ಯುರೋಪಿನ ಔಷಧ ಸಂಸ್ಥೆ, ಗ್ಯಾಡೋಲಿನಿಯಂ ಮೆದುಳಲ್ಲಿ ಉಳಿಯುತ್ತೆ ಅಂತ ರಕ್ತನಾಳಕ್ಕೆ ಕೊಡುವ ಲೀನಿಯರ್ ಏಜೆಂಟ್‌ಗಳಿಗೆ ಕಡಿವಾಣ ಹಾಕಿತು. ಗ್ಯಾಡಾಕ್ಸಿಟೇಟೂ ಲೀನಿಯರೇ. ಆದರೂ ಅದನ್ನೂ ಗ್ಯಾಡೋಬೆನೇಟನ್ನೂ ಲಿವರ್‌ಗೆ ಮಾತ್ರ ಅಂತ ಉಳಿಸಿಕೊಂಡರು. ಇದು ಸರಿಯಾದ ನಿರ್ಧಾರ ಅನ್ಸುತ್ತೆ ನನಗೆ. ಆಪರೇಷನ್‌ಗೆ ಹೊರಟವರಿಗೆ, ಇಂಜೆಕ್ಷನ್ನೇ ಬೇಡದ ಡಿಫ್ಯೂಷನ್ ಚಿತ್ರದ ಜೊತೆ ಸೇರಿಸಿ, ಗ್ಯಾಡಾಕ್ಸಿಟೇಟ್ ಕೊಡಲಿ. ಎಲ್ಲರಿಗೂ ಕೊಡೋ ಅಗತ್ಯ ಕಾಣಲ್ಲ.

ಈಗ ನಮ್ಮ ಪ್ರಾಜೆಕ್ಟ್‌ಗೆ ಬರೋಣ. ತುಂಬಾ ಜನ ಬಳಸೋ ಲಿಟ್ಸ್ ಡೇಟಾಸೆಟ್‌ನಲ್ಲಿ ಇರೋದೆಲ್ಲಾ ಸಿಟಿ. ಅದರಲ್ಲಿ ಕಲಿತ ಮಾಡೆಲ್‌ಗೆ 20ನೇ ನಿಮಿಷದ ಎಂಆರ್‌ಐ ತೋರಿಸಿ 'ಕೆಲಸ ಮಾಡುತ್ತೆ' ಅನ್ನೋದು ಹೇಗೆ? ಗಡ್ಡೆಯ ಬಣ್ಣವೇ ಏಜೆಂಟ್ ಮೇಲೆ, ನಿಮಿಷದ ಮೇಲೆ ನಿಂತಿದೆ. ರಿಪೋರ್ಟಿನ ಅಕ್ಯುರಸಿ ಟೇಬಲ್‌ಗೆ ಎರಡು ಕಾಲಂ ಸೇರಿಸೋಕೆ ಜಿಪಿಯು ಏನೂ ಬೇಡ: ಯಾವ ಏಜೆಂಟ್, ಎಷ್ಟನೇ ನಿಮಿಷ.