ನಮ್ಮ ಬಿಸ್ಕೆಟ್ ಕುಂಟಿದ್ದು ಹುಲ್ಲು ತಿಂದು!

ಏಪ್ರಿಲ್ ಬಂತೆಂದರೆ ನಾವಿರುವ ಇಂಗ್ಲೆಂಡಿನ ಡೆವನ್‌ನಲ್ಲಿ ಎಲ್ಲಿ ನೋಡಿದರೂ ಹಸಿರೋ ಹಸಿರು. ಚಳಿಗಾಲದ ಕೆಸರು ದಾಟಿ ಬಂದವರಿಗೆ ಕಣ್ಣಿಗೆ ಹಬ್ಬ. ಹೋದ ವರ್ಷದ ತನಕ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಆ ಹಸಿರು ಕಂಡರೆ ಸ್ವಲ್ಪ ಭಯ. ಯಾಕೆ ಅಂತ ಹೇಳ್ತೀನಿ ಕೇಳಿ.

ನಮ್ಮ ಮಗಳಿಗೆ ಒಂದು ಪುಟ್ಟ ಡಾರ್ಟ್‌ಮೂರ್ ಕುದುರೆ ಇದೆ. ಹೆಸರು ಬಿಸ್ಕೆಟ್, ತೂಕ ಸುಮಾರು 250 ಕಿಲೋ. ಅದಕ್ಕೆ ಲಾಳ ಹಾಕಿಸಿಲ್ಲ. ಹಾಸನದ ಹತ್ತಿರ ನಮ್ಮೂರಲ್ಲಿ ಗಾಡಿ ಎತ್ತಿಗೆ ಲಾಳ ಹೊಡೆಸುವುದನ್ನು ನೋಡಿ ಬೆಳೆದ ನನಗೆ ಮೊದಲು ಇದು ವಿಚಿತ್ರ ಅನ್ನಿಸಿತ್ತು. ಆದರೆ ಇಲ್ಲಿ ತುಂಬಾ ಜನ ಕುದುರೆಯನ್ನು ಬರಿಗಾಲಲ್ಲೇ ಇಡುತ್ತಾರೆ. ಐದು ವಾರಕ್ಕೊಮ್ಮೆ ಗೊರಸು ಕತ್ತರಿಸಿ ತಿದ್ದಿಸಿದರೆ ಸಾಕು ಅಂತ ನಾನೂ ನಂಬಿದ್ದೆ.

ಹೋದ ವರ್ಷ ಏಪ್ರಿಲ್‌ನ ಒಂದು ಬೆಳಿಗ್ಗೆ ಮಗಳು ಓಡಿ ಬಂದಳು. "ಅಮ್ಮಾ, ಬಿಸ್ಕೆಟ್ ನಡೀತಾನೇ ಇಲ್ಲ!" ಹೋಗಿ ನೋಡಿದರೆ ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿದೆ. ಗೊರಸು ಮುಟ್ಟಿದರೆ ಬಿಸಿ. ಕಾಲಿನ ಹಿಂಭಾಗದಲ್ಲಿ ನಾಡಿ ಡವಡವ ಬಡಿಯುತ್ತಿದೆ. ಪಶುವೈದ್ಯರು ಬಂದು ನೋಡಿದವರೇ "ಲ್ಯಾಮಿನೈಟಿಸ್" ಎಂದರು.

ಗೊರಸಿನ ಒಳಗೆ ಒಂದು ಮೂಳೆ ಇದೆ. ಅದನ್ನು ಹೊರಗಿನ ಗಟ್ಟಿ ಗೋಡೆಗೆ ಹಿಡಿದಿಟ್ಟಿರುವುದು ಪುಸ್ತಕದ ಹಾಳೆಗಳಂಥ ಸೂಕ್ಷ್ಮ ಪದರಗಳು. ಆ ಪದರಗಳಿಗೆ ಪೆಟ್ಟಾಗುವುದೇ ಲ್ಯಾಮಿನೈಟಿಸ್. ಹಿಡಿತ ಪೂರ್ತಿ ಬಿಟ್ಟರೆ ಮೂಳೆ ಕೆಳಕ್ಕೆ ವಾಲುತ್ತದೆ. ತೀರಾ ಕೆಟ್ಟರೆ ಕುದುರೆಯನ್ನು ಉಳಿಸಿಕೊಳ್ಳುವುದೇ ಕಷ್ಟ. ಎಕ್ಸ್‌ರೇ ತೆಗೆದಾಗ ನಮ್ಮದು ಸ್ವಲ್ಪವೇ ವಾಲಿತ್ತು. ವೈದ್ಯರು ನೋವಿನ ಔಷಧಿ ಕೊಟ್ಟು, ದಪ್ಪ ಹಾಸಿಗೆಯ ಮೇಲೆ ನಿಲ್ಲಿಸಿ ಎಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಏನು ತಿನ್ನಿಸ್ತಿದ್ದೀರಿ?"

ಏನು ಅಂತ ಹೇಳಲಿ? ಇಡೀ ದಿನ ಹಸುರು ಹುಲ್ಲು. ಸಂಜೆ ಮಗಳ ಪ್ರೀತಿಯ ಸೇಬು, ಕ್ಯಾರೆಟ್, ಉಳಿದ ಬ್ರೆಡ್ಡು. ದುಂಡಗಾಗಿದ್ದನ್ನು ನೋಡಿ "ಚೆನ್ನಾಗಿ ಮೈ ಕಟ್ಟಿದೆ" ಅಂತ ಬೀಗಿದವಳು ನಾನೇ!

ಡಾರ್ಟ್‌ಮೂರ್‌ನ ಬೋಳು ಗುಡ್ಡದಲ್ಲಿ ಒರಟು ಹುಲ್ಲು ತಿಂದು ಬದುಕಿದ ತಳಿ ಇದು. ನಾವು ಅದನ್ನು ಬಿಟ್ಟಿದ್ದು ಹಾಲಿನ ಹಸುಗಳಿಗಾಗಿ ಬಿತ್ತಿದ ರೈಗ್ರಾಸ್ ಹೊಲಕ್ಕೆ. ಆ ಹುಲ್ಲಿನಲ್ಲಿ ಸಕ್ಕರೆ ಜಾಸ್ತಿ. ಸಕ್ಕರೆ ಹೆಚ್ಚಾದಾಗ ಇಂಥ ಕುದುರೆಗಳ ರಕ್ತದಲ್ಲಿ ಇನ್ಸುಲಿನ್ ವಿಪರೀತ ಏರುತ್ತದೆ, ಆ ಇನ್ಸುಲಿನ್ನೇ ಗೊರಸಿನ ಪದರಗಳನ್ನು ಹಾಳು ಮಾಡುತ್ತದೆ. ರಕ್ತಪರೀಕ್ಷೆಯಲ್ಲಿ ಅದೇ ಬಂತು.

ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ಹೇಳಿದೆ. ಅವರಿಗೆ ವರ್ಷಗಳಿಂದ ಸಕ್ಕರೆ ಕಾಯಿಲೆ. "ಅಯ್ಯೋ, ಅದಕ್ಕೂ ಶುಗರ್ರಾ? ಪಾಪ, ನಂಗೆ ಅನ್ನ ಬಿಡಿಸಿದ ಹಾಗೆ ಅದಕ್ಕೆ ಹುಲ್ಲು ಬಿಡಿಸ್ತೀಯಾ?" ಎಂದರು. ನಮ್ಮ ಡಯಾಬಿಟಿಸ್ಸೂ ಇದೂ ಒಂದೇ ಅಲ್ಲ. ಆದರೆ ಪಥ್ಯದ ವಿಷಯದಲ್ಲಿ ಅಮ್ಮ ಹೇಳಿದ್ದು ಸರಿಯೇ.

ಆ ಪಥ್ಯ ಹೇಗಿತ್ತು ಎಂದರೆ, ಮೊದಲು ಹಸುರು ಹುಲ್ಲು ಪೂರ್ತಿ ಬಂದ್. ಬರೀ ಒಣಹುಲ್ಲು. ಅದರಲ್ಲೂ ಸಕ್ಕರೆ ಮತ್ತು ಪಿಷ್ಟ ಎರಡೂ ಸೇರಿ ಶೇ. 10ಕ್ಕಿಂತ ಕಡಿಮೆ ಇರಬೇಕು. ಪರೀಕ್ಷೆ ಮಾಡಿಸಿದ ಹುಲ್ಲು ಸಿಗುವ ತನಕ ತಣ್ಣೀರಿನಲ್ಲಿ ಕೆಲವು ತಾಸು ನೆನೆಸಿ ಕೊಟ್ಟೆವು. ಸಕ್ಕರೆ ನೀರಿಗೆ ಬಿಡುತ್ತದೆ. ಆ ನೀರನ್ನು ಚೆಲ್ಲಬೇಕು, ಕುಡಿಸಬಾರದು. ಸೆಕೆ ದಿನಗಳಲ್ಲಿ ಹೆಚ್ಚು ಹೊತ್ತು ನೆನೆಸಿದರೆ ಹುಳಿ ಬರುತ್ತದೆ.

ಹಾಗಂತ ಉಪವಾಸ ಕೆಡವಬಾರದು. ಪುಟ್ಟ ಕುದುರೆಗಳಿಗೆ ಹೊಟ್ಟೆ ಖಾಲಿ ಬಿಟ್ಟರೆ ದೇಹದ ಕೊಬ್ಬೆಲ್ಲ ರಕ್ತಕ್ಕೆ ಇಳಿದು ಪ್ರಾಣಕ್ಕೇ ಕುತ್ತು. ದಿನಕ್ಕೆ ದೇಹತೂಕದ ಶೇ. 1.5ರಷ್ಟು ಒಣ ಮೇವು ಎಂದು ವೈದ್ಯರು ಲೆಕ್ಕ ಹಾಕಿಕೊಟ್ಟರು. ತೇವಾಂಶ ಸೇರಿಸಿದರೆ ನಮ್ಮ ಬಿಸ್ಕೆಟ್‌ಗೆ ನಾಲ್ಕೂವರೆ ಕಿಲೋ ಹತ್ತಿರ. ತಕ್ಕಡಿಯಲ್ಲಿ ತೂಗಿ, ಸಣ್ಣ ಕಣ್ಣಿನ ಬಲೆಯಲ್ಲಿ ತುಂಬಿ, ಮೂರು ನಾಲ್ಕು ಕಡೆ ತೂಗುಹಾಕಿದೆವು. ನಿಧಾನಕ್ಕೆ ತಿನ್ನುತ್ತದೆ. ನೆನೆಸಿದಾಗ ಖನಿಜಗಳೂ ಹೋಗುವುದರಿಂದ ತಾಮ್ರ, ಸತು ಇರುವ ಪುಡಿ ಒಂದಿಷ್ಟು. ಗಟ್ಟಿ ಗೊರಸು ಬೆಳೆಯಲು ಇವೆರಡೂ ಬೇಕು.

ಮತ್ತೆ ಮೇಯಲು ಬಿಟ್ಟಿದ್ದು ತಿಂಗಳುಗಳ ನಂತರ, ಅದೂ ಹೊತ್ತು ನೋಡಿ. ಬಿಸಿಲಿದ್ದಷ್ಟೂ ಹುಲ್ಲಿನಲ್ಲಿ ಸಕ್ಕರೆ ಕೂಡುತ್ತಾ ಹೋಗಿ ಸಂಜೆಗೆ ಅತಿ ಹೆಚ್ಚಾಗುತ್ತದೆ. ರಾತ್ರಿಯೆಲ್ಲ ಗಿಡ ಅದನ್ನು ಬೆಳವಣಿಗೆಗೆ ಖರ್ಚು ಮಾಡುವುದರಿಂದ ನಸುಕಿಗೆ ಕಡಿಮೆ. ಹಾಗಾಗಿ ನಸುಕಿನಲ್ಲಿ ಬಿಟ್ಟು ಬಿಸಿಲೇರುವ ಮುಂಚೆ ಹಿಡಿದು ತರುತ್ತೇವೆ. ಆದರೆ ಇಬ್ಬನಿ ಹೆಪ್ಪುಗಟ್ಟಿದ ಬೆಳಿಗ್ಗೆ ಈ ಲೆಕ್ಕ ನಡೆಯಲ್ಲ. ಸುಮಾರು 5 ಡಿಗ್ರಿಗಿಂತ ಕೆಳಗೆ ಹುಲ್ಲು ಬೆಳೆಯುವುದೇ ಇಲ್ಲ, ಸಕ್ಕರೆ ಹಾಗೇ ಉಳಿದಿರುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ: "ಬೋಳು ಹೊಲದಲ್ಲಿ ಬಿಡಿ, ಏನೂ ಆಗಲ್ಲ." ಒತ್ತಡದಲ್ಲಿರುವ ಗಿಡ್ಡ ಹುಲ್ಲಲ್ಲೂ ಸಕ್ಕರೆ ಇರುತ್ತದೆ ಕಣ್ರೀ.

ಬಿಟ್ಟ ಹೊತ್ತು ಕಡಿಮೆ ಎಂದು ಗೊತ್ತಾದರೆ ಇವು ಗಬಗಬ ಮುಕ್ಕುತ್ತವೆ. ಅದಕ್ಕೇ ಬಾಯಿಗೆ ಕುಕ್ಕೆ! ಕಣದಲ್ಲಿ ತುಳಿಯುವ ಎತ್ತಿಗೆ ನಮ್ಮಪ್ಪ ಹಾಕುತ್ತಿದ್ದಂಥದ್ದೇ. ಇಲ್ಲಿಯದು ರಬ್ಬರು ತಳದ್ದು, ಸಣ್ಣ ತೂತಿನಲ್ಲಿ ಒಂದೆರಡು ಎಸಳು ಮಾತ್ರ ಸಿಗುತ್ತದೆ, ನೀರು ಕುಡಿಯಬಹುದು. ಮೊದಲ ದಿನ ಮಗಳು ಅತ್ತೇಬಿಟ್ಟಳು.

ಆಮೇಲೆ ಹೊಲದ ಅಂಚಿನಲ್ಲಿ ಒಳಗೊಂದು ಬೇಲಿ ಹಾಕಿ ಓಣಿ ಮಾಡಿದೆವು. ಅಮೆರಿಕದ ಜೇಮೀ ಜಾಕ್ಸನ್ ಕಾಡುಕುದುರೆಗಳ ನಡಿಗೆ ನೋಡಿ ಬರೆದ 'ಪ್ಯಾಡಕ್ ಪ್ಯಾರಡೈಸ್' ಪುಸ್ತಕದಿಂದ ಹಬ್ಬಿದ ಪದ್ಧತಿ ಇದು. ಒಂದು ತುದಿಯಲ್ಲಿ ನೀರು, ಇನ್ನೊಂದು ತುದಿಯಲ್ಲಿ ಮೇವು, ನಡುವೆ ಒಂದಿಷ್ಟು ಜಲ್ಲಿ. ಹೊಟ್ಟೆಗಾಗಿ ದಿನವಿಡೀ ನಡೆಯಲೇಬೇಕು. ಗೊರಸು ಗಟ್ಟಿಯಾಗಲು ಲಾಯದಂಗಳದಲ್ಲಿ ಕಲ್ಲು ಹರಡಿ ಎಂದು ಗ್ರೀಕರ ಕ್ಸೆನಫನ್ 2,300ಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಬರೆದಿದ್ದನಂತೆ. ಆದರೆ ಇದೆಲ್ಲ ಗೊರಸು ಗುಣವಾದ ಮೇಲೆ. ನೋವಿರುವಾಗ ನಡೆಸಿದರೆ ಹರಿದ ಪದರ ಇನ್ನಷ್ಟು ಹರಿಯುತ್ತದೆ.

ಗೊರಸು ತಿಂಗಳಿಗೆ ಒಂದು ಸೆಂಟಿಮೀಟರ್ ಕೂಡ ಬೆಳೆಯಲ್ಲ. ಮೇಲಿನಿಂದ ಹೊಸದು ಇಳಿದು ನೆಲ ಮುಟ್ಟಲು ಸುಮಾರು ಒಂದು ವರ್ಷ ಬೇಕು. ಕಾಯಿಲೆ ಬಂದ ಏಪ್ರಿಲ್ ಒಂದು ಉಂಗುರವಾಗಿ ಗೊರಸಿನ ಮೇಲೆ ಉಳಿದಿತ್ತು. ಮಗಳು ತಿಂಗಳಿಗೊಮ್ಮೆ ಅಳತೆಪಟ್ಟಿ ಹಿಡಿದು ಅದು ಎಷ್ಟು ಕೆಳಗೆ ಬಂತು ಎಂದು ಬರೆದಿಡುತ್ತಿದ್ದಳು. ಈ ಮಾರ್ಚ್‌ನಲ್ಲಿ ಆ ಉಂಗುರ ಕತ್ತರಿಸಿ ಬಿದ್ದುಹೋಯಿತು. ಮೊನ್ನೆ ಬಿಸ್ಕೆಟ್ ಜಲ್ಲಿಯ ಮೇಲೆ ಟಕಟಕ ನಡೆದದ್ದನ್ನು ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. "ನೋಡು, ಪಥ್ಯ ಮಾಡಿದ್ದಕ್ಕೆ ಕಾಲು ಉಳೀತು" ಎಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ನಾಳೆ ಪಾದ ತೋರಿಸ್ಕೊಂಡು ಬರ್ತೀನಿ, ಒಂದು ಗಾಯ ಆಗಿದೆ" ಎಂದರು. ಎಷ್ಟು ದಿನದಿಂದ ಮುಚ್ಚಿಟ್ಟಿದ್ದರೋ!

ಮನೆಯಲ್ಲಿ ಕುದುರೆ ಇಲ್ಲದವರೂ ಇವತ್ತೊಮ್ಮೆ ಅಪ್ಪ ಅಮ್ಮನ ಕಾಲು ನೋಡಿ. ಕುದುರೆ ಇದ್ದವರು ದಿನಾ ಗೊರಸು ಮುಟ್ಟಿ ನೋಡಿ, ಬಿಸಿ ಅನ್ನಿಸಿದರೆ ನಾಳೆಗೆ ಬಿಡದೆ ವೈದ್ಯರನ್ನು ಕರೆಸಿ. ಈಗ ಬರ್ತೀನಿ, ಒಣಹುಲ್ಲು ನೆನೆಹಾಕೋ ಹೊತ್ತಾಯ್ತು.